ಪಕ್ಕದ ಮನೆಯ ಹೊಡೆದಾಟಕ್ಕೆ 112: ಫೋನ್ ಮಾಡಿದ್ದು ತಪ್ಪಾಯಿತೇ?

ಪ್ರಶ್ನೆ: ನಮ್ಮದು ಒಂದು ಜಿಲ್ಲಾ ಕೇಂದ್ರದಲ್ಲಿ ಬಾಡಿಗೆ ಮನೆ. ಪಕ್ಕದ ಮನೆಗೂ ನಮಗೂ ನಡುವೆ ಒಂದೇ ಗೋಡೆ. ಅಲ್ಲಿ ಗಂಡ ಕುಡಿದು ಬಂದು ಹೆಂಡತಿಗೆ ಹೊಡೆಯುತ್ತಾನೆ. ಹೋದ ತಿಂಗಳು ಒಂದು ರಾತ್ರಿ ಪಾತ್ರೆ ಎಸೆಯುವ ಸದ್ದಿನ ಜೊತೆಗೆ ಆಕೆ "ಬಿಡ್ರೀ, ಕೂಸು ಎದ್ದೈತಿ" ಎಂದು ಚೀರಿದ್ದು ಕೇಳಿ, ತಡೆಯಲಾರದೆ 112ಕ್ಕೆ ಫೋನ್ ಮಾಡಿದೆ. ಗಾಡಿ ಬಂತು. ಬಂದವರು ಮೊದಲು ನಮ್ಮ ಗೇಟಿಗೇ ಬಂದು, ನನ್ನ ಹೆಸರು ಹಿಡಿದು, "ಫೋನ್ ಮಾಡಿದ್ದು ನೀವೇನಾ ಮೇಡಂ?" ಎಂದು ಇಡೀ ಓಣಿಗೆ ಕೇಳುವ ಹಾಗೆ ಕೇಳಿದರು. ಆಮೇಲೆ ಪಕ್ಕದ ಮನೆ ಬಾಗಿಲು ಬಡಿದರೆ ಹೊರಗೆ ಬಂದವಳು ಆಕೆಯೇ. "ಏನಿಲ್ಲ ಸರ್, ಟಿವಿ ಜೋರಿತ್ತು" ಎಂದಳು. ಹತ್ತು ನಿಮಿಷಕ್ಕೆಲ್ಲ ಪೊಲೀಸರು ಹೊರಟರು. ಆ ರಾತ್ರಿ ಮತ್ತೆ ಸದ್ದಾಗಲಿಲ್ಲ, ಆದರೆ ಕೇಸೂ ಆಗಲಿಲ್ಲ, ಏನೂ ಆಗಲಿಲ್ಲ. ಈಗ ಆತ ನನ್ನನ್ನು ಕಂಡರೆ ಕೆಕ್ಕರಿಸುತ್ತಾನೆ, ಆಕೆ ಮಾತೇ ಬಿಟ್ಟಿದ್ದಾಳೆ. ನಮ್ಮ ಮಾವನವರು "ಊರ ಉಸಾಬರಿ ನಮಗ್ಯಾಕೆ ಬೇಕಿತ್ತು" ಎನ್ನುತ್ತಾರೆ. ಮತ್ತೆ ಹಾಗೇ ಆದರೆ ಫೋನ್ ಮಾಡಬೇಕೇ? ಹೆಸರು ಗುಟ್ಟಾಗಿಡಲು ಬರುತ್ತದೆಯೇ? ಮುಂದೆ ಕೋರ್ಟು ಕಚೇರಿ ಅಲೆಯಬೇಕಾಗುತ್ತದೆಯೇ?

ಉತ್ತರ: ಮಾಡಬೇಕು. ಅದೇ ಸದ್ದು ಮತ್ತೆ ಕೇಳಿದರೆ ಮತ್ತೆ ಮಾಡಬೇಕು. ಏನೂ ಆಗಲಿಲ್ಲ ಎಂದು ಬರೆದಿದ್ದೀರಿ, ಅದರ ಹಿಂದಿನ ಮಾತಿನಲ್ಲೇ ಆ ರಾತ್ರಿ ಮತ್ತೆ ಸದ್ದಾಗಲಿಲ್ಲ ಎಂದೂ ಬರೆದಿದ್ದೀರಿ. 112 ಇರುವುದು ಅದಕ್ಕೇ.

ಪೊಲೀಸ್ ಇಲಾಖೆಯಲ್ಲಿದ್ದಾಗಲೂ ನಿವೃತ್ತನಾದ ಮೇಲೂ ನಾನು ಅತಿ ಹೆಚ್ಚು ಕೇಳಿರುವ ದೂರೆಂದರೆ "ಬಂದರು, ನೋಡಿದರು, ಹೋದರು". ಇದರಲ್ಲಿ ನಮ್ಮವರ ಅಸಡ್ಡೆಯ ಪಾಲು ದೊಡ್ಡದೇ ಇದೆ. ಅದನ್ನು ಮುಚ್ಚಿಡುವುದಿಲ್ಲ. ಆದರೆ ಇನ್ನೊಂದು ಪಾಲು, ಕರೆ ಬೇರೆ, ದೂರು ಬೇರೆ ಎನ್ನುವುದನ್ನು ಜನರಿಗೆ ಯಾರೂ ಬಿಡಿಸಿ ಹೇಳದೇ ಇರುವುದು. ಈಗ ನಡೆಯುತ್ತಿರುವುದನ್ನು ನಿಲ್ಲಿಸಲು ಕರೆ. ನಡೆದುಹೋದದ್ದಕ್ಕೆ ಲೆಕ್ಕ ಕೇಳಲು ದೂರು. ಗಾಡಿಯಲ್ಲಿ ಬರುವ ದಫೇದಾರರ ಹತ್ತಿರ ಎಫ್‌ಐಆರ್ ಪುಸ್ತಕ ಇರುವುದಿಲ್ಲ. ದೂರು ದಾಖಲಾಗುವುದು ಠಾಣೆಯಲ್ಲಿ, ಕಾಗದದ ಮೇಲೆ, ಪಿರ್ಯಾದಿಯ ಸಹಿಯೊಂದಿಗೆ. ಮೊದಲನೆಯದನ್ನು ನೀವು ಮಾಡಬಹುದಿತ್ತು, ಮಾಡಿದಿರಿ. ಎರಡನೆಯದು ಈ ವಿಷಯದಲ್ಲಿ ಬಹುಮಟ್ಟಿಗೆ ನಿಮ್ಮ ಕೈಯಲ್ಲಿಲ್ಲ. ಯಾಕೆ ಎಂದು ಮುಂದೆ ಹೇಳುತ್ತೇನೆ.

ಮೊದಲು ಗೇಟಿನ ವಿಷಯ. ನೀವು 112 ಒತ್ತಿದಾಗ ಫೋನ್ ಎತ್ತುವವರು ಒಬ್ಬರು, ನಿಮ್ಮ ಓಣಿಗೆ ಬರುವವರು ಇನ್ನೊಬ್ಬರು. ಎತ್ತಿದವರು ನಿಮ್ಮ ಊರನ್ನೇ ನೋಡಿರದಿರಬಹುದು. ಅವರು ನಿಮ್ಮ ಹೆಸರು, ನಂಬರು, ಜಾಗ, ವಿಷಯ ಬರೆದುಕೊಂಡು ಒಂದು ಇವೆಂಟ್, ಅಂದರೆ ಆ ಕರೆಗೊಂದು ನಂಬರು ಹಾಕಿದ ದಾಖಲೆ, ಮಾಡುತ್ತಾರೆ. ಅದು ಹತ್ತಿರದ ಗಾಡಿಗೆ ಹೋಗುತ್ತದೆ, ಬೆಂಗಳೂರಾದರೆ ಹೊಯ್ಸಳ ಎಂಬ ಗಸ್ತು ಗಾಡಿಗೆ. ಗಾಡಿಯಲ್ಲಿ ಒಬ್ಬ ಎಎಸ್‌ಐ ಅಥವಾ ದಫೇದಾರ, ಒಬ್ಬ ಚಾಲಕ ಇರುತ್ತಾರೆ. ಅವರ ಕೈಯಲ್ಲಿರುವ ಪರದೆಯ ಮೇಲೆ ನಿಮ್ಮ ಹೆಸರು, ನಂಬರು ಬಂದಿರುತ್ತದೆ. ಕೆಲಸ ಮುಗಿದ ಮೇಲೆ ಏನು ಕ್ರಮ ಕೈಗೊಂಡೆವು ಎಂದು ಬರೆದು ಆ ಇವೆಂಟನ್ನು ಅವರೇ ಮುಚ್ಚಬೇಕು. ಹಾಗಾಗಿ ಕರೆ ಮಾಡಿದವರನ್ನು ಹುಡುಕುವುದು ಅವರಿಗೆ ಅಭ್ಯಾಸವಾಗಿಬಿಟ್ಟಿದೆ. ಕಳ್ಳತನವಾದ ಮನೆಗೆ, ಅಪಘಾತದ ಜಾಗಕ್ಕೆ ಇದು ಸರಿಯಾದ ಕ್ರಮ. ಪಕ್ಕದ ಮನೆಯ ಹೊಡೆದಾಟಕ್ಕೆ ಬಂದು ಕರೆ ಮಾಡಿದವರ ಹೆಸರು ಕೂಗುವುದು ಶುದ್ಧ ಬೇಜವಾಬ್ದಾರಿ. ರಾತ್ರಿ 10 ಗಂಟೆ ದಾಟಿದ ಮೇಲಿನ ಧ್ವನಿವರ್ಧಕದ ಕರೆಗಳಲ್ಲೂ ಇದೇ ಗೋಳು. ಪೊಲೀಸರು ಬಂದು ಸೌಂಡ್ ಕಡಿಮೆ ಮಾಡಿಸುತ್ತಾರೆ, ಹೋಗುವಾಗ ಯಾರು ಫೋನ್ ಮಾಡಿದ್ದು ಎಂದು ಪೆಂಡಾಲಿನವರಿಗೆ ಸುಳಿವು ಕೊಟ್ಟೇ ಹೋಗುತ್ತಾರೆ.

ನಿಮ್ಮ ನಂಬರು ಕಂಟ್ರೋಲ್ ರೂಮಿಗೆ ಕಾಣದಂತೆ ಮಾಡಲು ಆಗುವುದಿಲ್ಲ. ಪಕ್ಕದ ಮನೆಗೆ ಕಾಣದಂತೆ ಮಾಡಲು ಬರುತ್ತದೆ. ಅದಕ್ಕೆ ಎರಡು ಸಲ ಬಾಯಿಬಿಟ್ಟು ಹೇಳಬೇಕು. ಫೋನ್ ಎತ್ತಿದವರಿಗೆ ಒಂದು ಸಲ, ಗಾಡಿಯಿಂದ ನಿಮಗೆ ವಾಪಸ್ ಫೋನ್ ಬಂದಾಗ ಇನ್ನೊಂದು ಸಲ. ಆ ಎರಡನೇ ಫೋನನ್ನು ಬಹಳ ಜನ ಎತ್ತುವುದಿಲ್ಲ. ಯಾವುದೋ ಗೊತ್ತಿಲ್ಲದ ನಂಬರು, ಎತ್ತಿದರೆ ಎಲ್ಲಿ ಸಿಕ್ಕಿಬೀಳುತ್ತೇವೋ ಎಂಬ ಅಳುಕು. ನೀವು ಎತ್ತದಿದ್ದರೆ ಅವರಿಗೆ ದಾರಿ ಕೇಳಲು ಉಳಿಯುವುದು ನಿಮ್ಮ ಗೇಟು ಮಾತ್ರ.

ಏನು ಹೇಳಬೇಕು, ಯಾವ ಕ್ರಮದಲ್ಲಿ ಹೇಳಬೇಕು ಎಂಬುದೂ ಮುಖ್ಯ. ನಮ್ಮಲ್ಲಿ ಹೆಚ್ಚಿನವರು "ಸರ್ ಬೇಗ ಬನ್ನಿ ಸರ್, ಇಲ್ಲಿ ಭಾರಿ ಗಲಾಟೆ" ಎಂದು ಶುರುಮಾಡಿ, ಗಲಾಟೆಯ ಇತಿಹಾಸ, ಗಂಡನ ಕುಡಿತ, ಅವನ ಅಣ್ಣತಮ್ಮಂದಿರ ಆಸ್ತಿ ಜಗಳ ಎಲ್ಲ ಹೇಳಿ ವಿಳಾಸಕ್ಕೆ ಬರುವಷ್ಟರಲ್ಲಿ ಕರೆ ಕಟ್ಟಾಗಿರುತ್ತದೆ. ಮೊಬೈಲ್ ಲೊಕೇಶನ್ ಅವರಿಗೆ ಕಾಣುತ್ತದೆ, ನಿಜ. ಆದರೆ ಅದು ಸುಮಾರು ಯಾವ ಭಾಗ ಎಂದು ತೋರಿಸಬಹುದು, ಯಾವ ಮನೆ ಎಂದು ತೋರಿಸಲಾರದು. ಬೆಂಗಳೂರಿನಲ್ಲಿ ಬರೇ "ಐದನೇ ಕ್ರಾಸ್" ಎಂದರೆ ಬಡಾವಣೆಗೊಂದು ಸಿಗುತ್ತದೆ. ಹೀಗೆ ಹೇಳಿ:

"ಇಂಥ ಊರು, ಇಂಥ ಬಡಾವಣೆ, ಹಿಟ್ಟಿನ ಗಿರಣಿ ಎದುರಿನ ಓಣಿ, ಎಡಕ್ಕೆ ಮೂರನೇ ಮನೆ, ನೀಲಿ ಗೇಟು. ಒಬ್ಬ ಗಂಡಸು ಹೆಂಗಸಿಗೆ ಹೊಡೀತಾ ಇದ್ದಾನೆ, ಈಗಲೂ ಸದ್ದು ಕೇಳ್ತಾ ಇದೆ. ಒಳಗೆ ಚಿಕ್ಕ ಮಗು ಇದೆ. ಕುಡಿದಿದ್ದಾನೆ. ನಾನು ಅಕ್ಕಪಕ್ಕದವಳು. ನನ್ನ ಹೆಸರು ಅಲ್ಲಿ ಹೇಳಬೇಡಿ, ನನ್ನ ಮನೆಗೆ ಬರಬೇಡಿ. ದಾರಿ ಬೇಕಾದರೆ ಇದೇ ನಂಬರಿಗೆ ಫೋನ್ ಮಾಡಲಿ, ಎತ್ತುತ್ತೇನೆ."

ಇಷ್ಟಕ್ಕೆ ಅರ್ಧ ನಿಮಿಷ ಸಾಕು. ಇದರಲ್ಲಿ "ಈಗಲೂ ಸದ್ದು ಕೇಳ್ತಾ ಇದೆ" ಮತ್ತು "ಮಗು ಇದೆ" ಎಂಬ ಎರಡು ಮಾತು ಬಿಡಬೇಡಿ. ಬರೇ ಗಂಡ ಹೆಂಡತಿ ಜಗಳ ಎಂದರೆ ಫೋನ್ ಎತ್ತಿದವರ ಮನಸ್ಸಿನಲ್ಲಿ ನಿಮ್ಮ ಕರೆ ಹಿಂದಕ್ಕೆ ಸರಿಯುತ್ತದೆ. ಹಾಗಾಗಬಾರದು, ಆದರೆ ಆಗುತ್ತದೆ. ಚಾಕು, ಮಚ್ಚು ಏನಾದರೂ ಕಣ್ಣಿಗೆ ಬಿದ್ದಿದ್ದರೆ ಅದನ್ನೂ ಹೇಳಿ. ನೋಡದೇ ಇದ್ದದ್ದನ್ನು ಮಾತ್ರ ಸೇರಿಸಬೇಡಿ. ಗಾಡಿ ಬೇಗ ಬರಲಿ ಎಂದು "ಕೊಲೆ ಆಗ್ತಾ ಇದೆ" ಎನ್ನುವವರಿದ್ದಾರೆ. ಮುಂದಿನ ಸಲ ಅವರ ನಂಬರು ಬಂದಾಗ ಏನಾಗುತ್ತದೆ ಎಂದು ನೀವೇ ಊಹಿಸಿ. ಇವೆಂಟ್ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ.

ಈಗ ಆ ಹತ್ತು ನಿಮಿಷದ ವಿಷಯ. ಕೈಯಿಂದ ಹೊಡೆದು ಸಾಧಾರಣ ಗಾಯ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 115(2)ನೇ ಕಲಂ, ಹಳೆಯ ದಂಡ ಸಂಹಿತೆಯ 323. ಅದು ಅಸಂಜ್ಞೇಯ ಅಪರಾಧ, ಠಾಣೆಯ ಮಾತಿನಲ್ಲಿ ಎನ್‌ಸಿ. ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವ ಹಾಗಿಲ್ಲ. ಮೂಳೆ ಮುರಿದರೆ, ಹಲ್ಲು ಬಿದ್ದರೆ, ಆಯುಧ ಬಳಸಿದರೆ ಲೆಕ್ಕ ಬೇರೆ. ಗಂಡನ ಕ್ರೌರ್ಯಕ್ಕೆಂದೇ ಇರುವುದು 85ನೇ ಕಲಂ, ಅಂದರೆ ಎಲ್ಲರ ಬಾಯಲ್ಲಿರುವ ಹಳೆಯ 498ಎ. ಅದರಲ್ಲಿ ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಬೇಕಾದರೆ ಮಾಹಿತಿ ಕೊಡುವವರು ನೊಂದ ಹೆಂಗಸೇ ಆಗಿರಬೇಕು, ಇಲ್ಲವೇ ರಕ್ತಸಂಬಂಧ, ಮದುವೆ ಅಥವಾ ದತ್ತಕದಿಂದ ಆಕೆಗೆ ನೆಂಟರಾದವರಾಗಿರಬೇಕು. ಅಂಥ ನೆಂಟರೇ ಇಲ್ಲದಿದ್ದರೆ ಸರ್ಕಾರ ಗುರುತಿಸಿದ ಅಧಿಕಾರಿ ಕೊಡಬಹುದು. ಪಕ್ಕದ ಮನೆಯವರು ಈ ಪಟ್ಟಿಯಲ್ಲಿಲ್ಲ. ನೀವು ಎಷ್ಟೇ ವಿವರವಾಗಿ ಹೇಳಿದರೂ ಆಕೆ "ಟಿವಿ ಜೋರಿತ್ತು" ಎಂದ ಮೇಲೆ, ಗಾಯವೂ ಕಾಣದಿದ್ದರೆ, ಎಫ್‌ಐಆರ್ ಮಟ್ಟಿಗೆ ಬಂದವರ ಕೈ ಕಟ್ಟಿದಂತೆಯೇ.

ಎಫ್‌ಐಆರ್ ಮಟ್ಟಿಗೆ ಮಾತ್ರ. ಅವರು ಮಾಡಬಹುದಾಗಿದ್ದ, ಮಾಡಲೇಬೇಕಾಗಿದ್ದ ಬೇರೆ ಕೆಲಸಗಳಿದ್ದವು. ಗಂಡ ಬಾಗಿಲ ಹಿಂದೆ ನಿಂತಿರುವಾಗ ಹೆಂಡತಿಯನ್ನು "ಏನಮ್ಮಾ, ಹೊಡೆದನಾ?" ಎಂದು ಕೇಳಿದರೆ ಬರುವ ಉತ್ತರ ಟಿವಿಯೇ. ಗಾಡಿ ಹೋದ ಮೇಲೆ ಅದೇ ಮನೆಯಲ್ಲಿ, ಅದೇ ಗಂಡನ ಜೊತೆ ಬೆಳಗು ಮಾಡಬೇಕಾದವಳು ಅವಳು. ಅನುಭವ ಇರುವ ದಫೇದಾರರು ಗಂಡನನ್ನು ಮಾತಿಗೆಳೆದು ರಸ್ತೆಗೆ ಕರೆದುಕೊಂಡು ಹೋಗುತ್ತಾರೆ, ಇನ್ನೊಬ್ಬರು ಒಳಗೆ ನಿಂತು "ಕುಡಿಯೋಕೆ ನೀರು ಕೊಡಮ್ಮ" ಎನ್ನುತ್ತಾರೆ. ಆಕೆ ಲೋಟ ತರುವಾಗ ತೋಳು ಕಾಣುತ್ತದೆ, ನಡಿಗೆ ಕಾಣುತ್ತದೆ, ಒಂದು ಮಾತೂ ಬೀಳುತ್ತದೆ. ಇದು ಯಾವ ತರಬೇತಿ ಪುಸ್ತಕದಲ್ಲೂ ಇದ್ದ ನೆನಪಿಲ್ಲ, ಹಿರಿಯರನ್ನು ನೋಡಿ ಕಲಿಯುವಂಥದ್ದು. ಕಾನೂನಿನಲ್ಲಿ ಬರೆದೇ ಇರುವುದೂ ಒಂದಿದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 5ನೇ ಕಲಂ ಪ್ರಕಾರ, ಇಂಥ ಸಂಗತಿ ತಿಳಿದ ಪೊಲೀಸ್ ಅಧಿಕಾರಿ ಆಕೆಗೆ ರಕ್ಷಣಾ ಆದೇಶ ಕೇಳುವ ಹಕ್ಕಿದೆ, ಸಂರಕ್ಷಣಾಧಿಕಾರಿ ಇದ್ದಾರೆ, ಉಚಿತ ವಕೀಲರು ಸಿಗುತ್ತಾರೆ, ಕ್ರಿಮಿನಲ್ ದೂರನ್ನೂ ಕೊಡಬಹುದು ಎಂದು ತಿಳಿಸಬೇಕು. ತಿಳಿಸುವವರು ಎಷ್ಟು ಜನ ಎಂದು ಮಾತ್ರ ಕೇಳಬೇಡಿ.

ಆತ ಪದೇ ಪದೇ ಗಲಾಟೆ ಮಾಡುವವನಾದರೆ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಂ ಕೆಳಗೆ, ಠಾಣೆಯವರ ಬಾಯಲ್ಲಿ ಇನ್ನೂ ಹಳೆಯ ಸಿಆರ್‌ಪಿಸಿಯ "107", ತಹಶೀಲ್ದಾರರಂಥ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಶಾಂತಿ ಕಾಪಾಡುವ ಮುಚ್ಚಳಿಕೆ ಬರೆಸಿಕೊಳ್ಳಲು ದಾರಿಯಿದೆ. ಕುಡಿದು ಕೈ ಮಾಡುವ ಎಷ್ಟೋ ಗಂಡಸರು ಎಫ್‌ಐಆರಿಗಿಂತ ಈ ಮುಚ್ಚಳಿಕೆಗೇ ಹೆಚ್ಚು ಬಗ್ಗುವುದನ್ನು ಕಂಡಿದ್ದೇನೆ, ತಹಶೀಲ್ದಾರ್ ಕಚೇರಿಗೆ ಓಡಾಡುವ ಬೇಸರಕ್ಕೋ, ಜಾಮೀನು ಕೊಡಲು ನೆಂಟರ ಕಾಲು ಹಿಡಿಯಬೇಕಾದ ಅವಮಾನಕ್ಕೋ. ಇಲ್ಲೇ ನಿಮ್ಮ ಕರೆಗಳು ಲೆಕ್ಕಕ್ಕೆ ಬರುವುದು. ಒಂದೇ ಮನೆಯ ಬಗ್ಗೆ ಮೂರು ನಾಲ್ಕು ಇವೆಂಟ್ ಇದ್ದರೆ ಠಾಣಾಧಿಕಾರಿಗೆ ವರದಿ ಬರೆಯಲು ಆಧಾರ ಸಿಗುತ್ತದೆ. ಪ್ರತಿಸಲವೂ "ಏನೂ ಆಗಲಿಲ್ಲ" ಎಂದು ನೀವು ಅಂದುಕೊಂಡ ಕರೆಗಳೇ ಅಲ್ಲಿ ಸಾಲಾಗಿ ನಿಂತಿರುತ್ತವೆ.

ಪೊಲೀಸರನ್ನು ಬಿಟ್ಟು ನೀವು ಮಾಡಬಹುದಾದದ್ದೂ ಇದೆ, ನನ್ನ ದೃಷ್ಟಿಯಲ್ಲಿ ಅದು ಇನ್ನೂ ದೊಡ್ಡದು. ಅದೇ 2005ರ ಕಾಯ್ದೆಯ 4ನೇ ಕಲಂ, ಕೌಟುಂಬಿಕ ಹಿಂಸೆ ನಡೆದಿದೆ ಅಥವಾ ನಡೆಯಬಹುದು ಎಂದು ನಂಬಲು ಕಾರಣವಿರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು ಎನ್ನುತ್ತದೆ. ನೆಂಟರೇ ಆಗಬೇಕೆಂಬ ಕಟ್ಟಳೆ ಇಲ್ಲಿಲ್ಲ. ಸದುದ್ದೇಶದಿಂದ ತಿಳಿಸಿದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಯಾವ ಹೊಣೆಯೂ ಬರುವುದಿಲ್ಲ ಎಂದೂ ಅಲ್ಲೇ ಬರೆದಿದೆ. ಕರ್ನಾಟಕದಲ್ಲಿ ತಾಲ್ಲೂಕು ಮಟ್ಟದಲ್ಲಿ ಈ ಅಧಿಕಾರಿ ಎಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂಗನವಾಡಿಯವರು ಸಿಡಿಪಿಓ ಎನ್ನುತ್ತಾರಲ್ಲ ಅವರೇ. ನಿಮ್ಮ ಓಣಿಯ ಅಂಗನವಾಡಿ ಕಾರ್ಯಕರ್ತೆಗೆ ಅವರ ನಂಬರು ಗೊತ್ತಿರುತ್ತದೆ. ಆಕೆಗೆ ಮಗುವಿದೆ ಎಂದಿರಿ. ಅಂಗನವಾಡಿ ಟೀಚರ್ ತೂಕ ನೋಡುವ ನೆಪದಲ್ಲಿ ಆ ಮನೆಗೆ ಹೋಗಬಲ್ಲರು, ಪೊಲೀಸರು ಹೋಗಲಾರರು. 181 ಮಹಿಳಾ ಸಹಾಯವಾಣಿ ಇದೆ. ನಿಮ್ಮದು ಜಿಲ್ಲಾ ಕೇಂದ್ರವಾದ್ದರಿಂದ ಹಿಂಸೆಗೊಳಗಾದ ಹೆಂಗಸರಿಗೆ ನೆರವಾಗುವ ಸಖಿ ಕೇಂದ್ರವೂ ಇರುತ್ತದೆ, ಸಾಮಾನ್ಯವಾಗಿ ಜಿಲ್ಲಾಸ್ಪತ್ರೆಯ ಆವರಣದಲ್ಲೋ ಹತ್ತಿರದಲ್ಲೋ.

ಆಕೆಯ ತವರಿನವರು ಯಾರಾದರೂ ಪರಿಚಯವೇ? ಅಣ್ಣನೋ ಚಿಕ್ಕಮ್ಮನೋ ಹಬ್ಬಕ್ಕೆ ಬಂದಾಗ ಒಂದು ಮಾತು ಕಿವಿಗೆ ಹಾಕಿ. 85ನೇ ಕಲಂ ಕೆಳಗೆ ದೂರು ಕೊಡಬಲ್ಲವರು ಅವರು.

ಮತ್ತೆ ಸದ್ದು ಕೇಳಿದ ರಾತ್ರಿ, ಮನೆಯಲ್ಲಿ ನಿಮ್ಮ ಯಜಮಾನರೋ ಮಾವನವರೋ ಇದ್ದು, ಆತನ ಕೈಯಲ್ಲಿ ಆಯುಧವಿಲ್ಲ ಎಂದು ಖಾತ್ರಿಯಿದ್ದರೆ, 112 ಒತ್ತಿದ ಮೇಲೆ ಹೋಗಿ ಬೆಲ್ ಮಾಡಿ. "ನಿಮ್ಮಲ್ಲೂ ಕರೆಂಟ್ ಹೋಗಿ ಬಂತಾ?" ಎಂದು ಕೇಳಿ ಬನ್ನಿ. ಬುದ್ಧಿ ಹೇಳಬೇಡಿ, ಜಗಳ ಬಿಡಿಸಲು ಹೋಗಬೇಡಿ. 2008ರಲ್ಲಿ ಬೆಲ್ ಬಜಾವೋ ಎಂಬ ಹೆಸರಿನ ಪ್ರಚಾರಾಂದೋಲನ ದೇಶದ ಟಿವಿಗಳಲ್ಲಿ ಇದನ್ನೇ ಹೇಳಿತ್ತು. ಎತ್ತಿದ ಕೈ ಆ ಕ್ಷಣಕ್ಕೆ ಕೆಳಗಿಳಿಯುತ್ತದೆ, ಗಾಡಿ ಬರುವವರೆಗೆ ಅಷ್ಟು ಸಾಕು. ಮೊಬೈಲಿನಲ್ಲಿ ವಿಡಿಯೋ ಮಾಡಿ ಓಣಿಯ ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಚಾಳಿ ಮಾತ್ರ ಬೇಡವೇ ಬೇಡ. ಮಾನ ಹೋಗುವುದು ಆಕೆಯದೇ, ಮರುದಿನದ ಹೊಡೆತವೂ ಆಕೆಗೇ.

ಕೋರ್ಟು ಕಚೇರಿಯ ಭಯಕ್ಕೆ ಬರೋಣ. ಬರೇ ಕರೆ ಮಾಡಿದ್ದಕ್ಕೆ ಯಾರನ್ನೂ ಕೋರ್ಟಿಗೆ ಎಳೆಯುವುದಿಲ್ಲ. ಮುಂದೆಂದೋ ಕೇಸಾದರೆ ತನಿಖಾಧಿಕಾರಿ ನಿಮ್ಮ ಹೇಳಿಕೆ ಕೇಳಬಹುದು, ಸಾಕ್ಷಿ ಪಟ್ಟಿಯಲ್ಲಿ ಹೆಸರು ಬರಲೂಬಹುದು. ಸುಳ್ಳು ಹೇಳಿ ಧೈರ್ಯ ತುಂಬುವುದಿಲ್ಲ. ಆದರೆ ಹೇಳಿಕೆಗೆಂದು ನಿಮ್ಮನ್ನು ಠಾಣೆಗೆ ಕರೆಸುವಂತಿಲ್ಲ. ಸುರಕ್ಷಾ ಸಂಹಿತೆಯ 179ನೇ ಕಲಂ ಪ್ರಕಾರ ಹೆಂಗಸರನ್ನು, 60 ದಾಟಿದವರನ್ನು, 15ರ ಒಳಗಿನ ಮಕ್ಕಳನ್ನು ಅವರಿರುವ ಮನೆಗೇ ಬಂದು ಕೇಳಬೇಕು. ಸುಳ್ಳು ಮಾಹಿತಿಗೆ ಶಿಕ್ಷೆಯಿದೆ, ನ್ಯಾಯ ಸಂಹಿತೆಯ 217ನೇ ಕಲಂ, 1 ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದು ಸುಳ್ಳೆಂದು ಗೊತ್ತಿದ್ದೂ ಹೇಳಿದವರಿಗೆ. ಚೀರಾಟ ಕೇಳಿ ಫೋನ್ ಮಾಡಿದವರಿಗೆ, ಆಕೆ ಆಮೇಲೆ ಅಲ್ಲಗಳೆದರೂ, ಅದು ತಗಲುವುದಿಲ್ಲ. ರಸ್ತೆ ಅಪಘಾತ ಕಂಡು ಫೋನ್ ಮಾಡಿದವರಿಗಂತೂ ಇನ್ನೂ ನಿರಾಳ. 2016ರ ಸುಪ್ರೀಂ ಕೋರ್ಟ್ ಆದೇಶ ಮತ್ತು 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಂ ಆದಮೇಲೆ ಗಾಯಾಳುವಿಗೆ ನೆರವಾದವರು ಹೆಸರು ಹೇಳಲೇಬೇಕೆಂಬ ಒತ್ತಾಯವೂ ಇಲ್ಲ. ಆದರೂ ಈಗಲೂ ಬಿದ್ದವನ ಸುತ್ತ ಗುಂಪು ಕಟ್ಟಿಕೊಂಡು ನಿಲ್ಲುವವರು "ಮೊದಲು ಪೊಲೀಸ್ ಬರ್ಲಿ" ಎನ್ನುವುದು ತಪ್ಪಿಲ್ಲ.

ನಿಮ್ಮ ಮಾವನವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಠಾಣೆಯ ಮೆಟ್ಟಿಲು ಹತ್ತಬಾರದು ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಕೊಟ್ಟ ದೂರನ್ನು ಡ್ರಾಯರಿಗೆ ಹಾಕಿ "ನಾಳೆ ಬಾ" ಎಂದದ್ದು, ಎರಡೂ ಕಡೆಯವರನ್ನು ಕೂರಿಸಿ ರಾಜಿ ಪಂಚಾಯಿತಿ ಮಾಡಿದ್ದು, ಜಾತಿ ನೋಡಿ, ಬಟ್ಟೆ ನೋಡಿ ಕುರ್ಚಿ ಕೊಟ್ಟದ್ದು, ಇವೆಲ್ಲ ಜನರ ನೆನಪಿನಲ್ಲಿದೆ. ಕಂಟ್ರೋಲ್ ರೂಮಿನಲ್ಲೂ ಒಳ್ಳೆಯ ಬಡಾವಣೆಯಿಂದ ಅರ್ಧ ಇಂಗ್ಲಿಷಿನಲ್ಲಿ ಬಂದ ಕರೆಗೆ ಒಂದು ದನಿ, ಕಟ್ಟಡದ ಕೆಲಸಕ್ಕೆ ಬಂದ ಕಲಬುರಗಿ ಕಡೆಯ ಹೆಂಗಸಿನ ಕರೆಗೆ ಇನ್ನೊಂದು ದನಿ ಬರುವುದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಆದರೆ ಜನ ಸುಮ್ಮನೆ ನೋಡುತ್ತಾ ನಿಂತರೆ ಏನಾಗುತ್ತದೆ ಎಂಬುದೂ ನಮ್ಮ ಕಣ್ಣ ಮುಂದಿದೆ. 2023ರ ಡಿಸೆಂಬರಿನಲ್ಲಿ ಬೆಳಗಾವಿ ತಾಲ್ಲೂಕಿನ ಹೊಸ ವಂಟಮುರಿಯಲ್ಲಿ, ಮಗ ಪ್ರೀತಿಸಿದ ಹುಡುಗಿಯೊಂದಿಗೆ ಓಡಿಹೋದ ಎಂದು ತಾಯಿಯನ್ನು ವಿವಸ್ತ್ರಗೊಳಿಸಿ ಕಂಬಕ್ಕೆ ಕಟ್ಟಿ ಹೊಡೆದರು. ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಾಗ, ಹೊಡೆದವರ ಜೊತೆಗೆ ನೋಡುತ್ತಾ ನಿಂತವರ ಬಗ್ಗೆಯೂ ಕಟುವಾಗಿಯೇ ಮಾತಾಡಿತು. ಮಾವನವರ ಜೊತೆ ವಾದ ಮಾಡಬೇಡಿ, ಇದನ್ನು ಓದಲು ಕೊಡಿ.

ಕರೆಯಿಂದ ದೂರಿಗೆ ಹೋಗುವ ಕಾಲ ಬಂದರೆ ಬೇಕಾಗುವುದನ್ನು ಚುಟುಕಾಗಿ ಹೇಳಿಬಿಡುತ್ತೇನೆ, ಬೇರೆ ಓದುಗರಿಗೂ ಉಪಯೋಗವಾದೀತು. ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ನೇರವಾಗಿ ತನಿಖೆ ಮಾಡಬಹುದಾದ ಅಪರಾಧದ, ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಗಂಡ ಹೆಂಡಿರ ವ್ಯಾಜ್ಯದಂಥ ಕೆಲವದರಲ್ಲಿ ಮೊದಲು ಪ್ರಾಥಮಿಕ ವಿಚಾರಣೆ ಮಾಡಬಹುದೆಂದೂ ಅದೇ ತೀರ್ಪು ಹೇಳಿದೆ, ಠಾಣೆಯವರು ಹಿಡಿದುಕೊಳ್ಳುವುದು ಈ ಎರಡನೇ ಸಾಲನ್ನೇ. 2024ರ ಜುಲೈ 1ರಿಂದ ಜಾರಿಗೆ ಬಂದ ಸುರಕ್ಷಾ ಸಂಹಿತೆಯಲ್ಲಿ "ಇದು ನಮ್ಮ ಸರಹದ್ದಲ್ಲ" ಎನ್ನುವ ಹಾಗಿಲ್ಲ. ಯಾವ ಠಾಣೆಯಲ್ಲಿ ಕೊಟ್ಟರೂ ತೆಗೆದುಕೊಂಡು ಕಳಿಸಬೇಕು, ಅದೇ ಝೀರೋ ಎಫ್‌ಐಆರ್. ಪ್ರತಿ ಉಚಿತ. ಕೈಗೆ ಬಂದ ಪ್ರತಿಯಲ್ಲಿ "ಪಿರ್ಯಾದಿದಾರರು ಠಾಣೆಗೆ ಹಾಜರಾಗಿ ನೀಡಿದ ದೂರಿನ ಸಾರಾಂಶವೇನೆಂದರೆ" ಎಂದು ಶುರುವಾಗುವ ಭಾಗವನ್ನು ಅಲ್ಲೇ ನಿಂತು ಓದಿ. ನೀವು ಹೇಳಿದ ಮುಖ್ಯ ಮಾತು ಆ ಸಾರಾಂಶದಲ್ಲಿ ಕರಗಿಹೋಗಿರುವುದುಂಟು. ದೂರು ತೆಗೆದುಕೊಳ್ಳದಿದ್ದರೆ ಯಾಕೆ ಎಂದು ಹಿಂಬರಹ ಬರೆದುಕೊಡಿ ಎಂದು ಕೇಳಿ. ಅದಕ್ಕೂ ಆಗದಿದ್ದರೆ ಎಸ್‌ಪಿಯವರಿಗೆ ರಿಜಿಸ್ಟರ್ಡ್ ಅಂಚೆ, ಆಮೇಲೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ.

ಒಂದೇ ಒಂದು ವಿಷಯದಲ್ಲಿ ಠಾಣೆಗೆ ಹೋಗುವ ಮುಂಚೆಯೇ ಕರೆ ಮಾಡಿ ಎಂದು ನಾನು ಎಲ್ಲರಿಗೂ ಗಟ್ಟಿಯಾಗಿ ಹೇಳುತ್ತೇನೆ, ಬ್ಯಾಂಕ್ ಖಾತೆಯಿಂದ ಮೋಸದಿಂದ ಹಣ ಹೋದಾಗ. 1930. ಹಣ ಕೈಯಿಂದ ಕೈಗೆ ದಾಟುವ ಮುಂಚೆ ತಡೆಯಲು ಅಲ್ಲಿ ಆಗುತ್ತದೆ. ನೀಟಾಗಿ ಟೈಪ್ ಮಾಡಿಸಿದ ದೂರು ಹಿಡಿದು ಮರುದಿನ ಠಾಣೆಗೆ ಹೋದರೆ ಆಗುವುದಿಲ್ಲ.

ಇನ್ನು ಆಕೆ ಮಾತು ಬಿಟ್ಟಿದ್ದಾಳೆ ಎಂಬುದು. ಗಂಡನ ಮುಂದೆ ನಿಮ್ಮ ಜೊತೆ ಮಾತಾಡಿದರೆ ಏನಾಗುತ್ತದೆ ಎಂದು ಆಕೆಗೆ ಗೊತ್ತು, ಅದನ್ನು ಸಿಟ್ಟು ಎಂದುಕೊಳ್ಳಬೇಡಿ. ನೀವಾಗಿ ಸಮಜಾಯಿಷಿ ಕೊಡಲು ಹೋಗಬೇಡಿ, ಆತನೊಂದಿಗಂತೂ ಒಂದಕ್ಷರವೂ ಬೇಡ. ಆತ ಬೈದರೆ, ಬೆದರಿಸಿದರೆ ಅದು ನಿಮ್ಮದೇ ದೂರು. ನೇರವಾಗಿ ಠಾಣೆಗೆ ಹೋಗಿ ಲಿಖಿತವಾಗಿ ಕೊಡಿ, ಅಲ್ಲಿ ನಿಮ್ಮನ್ನು ನೆಂಟರಾ ಎಂದು ಯಾರೂ ಕೇಳುವುದಿಲ್ಲ. ಹಿತ್ತಲಲ್ಲೋ ನಲ್ಲಿ ಹತ್ತಿರವೋ ಆಕೆ ಒಬ್ಬಳೇ ಸಿಕ್ಕರೆ "ಯಾವ ಹೊತ್ತಲ್ಲಾದರೂ ಕೂಸನ್ನ ಎತ್ಕೊಂಡು ನಮ್ಮನಿಗೆ ಬಾ" ಎಂದಷ್ಟೇ ಹೇಳಿ.

ಬಂದರೆ, ಮೈಮೇಲೆ ಗಾಯವಿದ್ದರೆ, ಠಾಣೆಗಿಂತ ಮೊದಲು ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಿ. ಖಾಸಗಿ ಕ್ಲಿನಿಕ್ಕಿನಲ್ಲಿ "ಬಚ್ಚಲಲ್ಲಿ ಜಾರಿಬಿದ್ದೆ" ಎಂದು ಹೊಲಿಗೆ ಹಾಕಿಸಿಕೊಂಡು ಬಂದರೆ ಆಮೇಲೆ ಯಾವ ವಕೀಲರೂ ಅದನ್ನು ತಿದ್ದಲಾರರು. ಸರ್ಕಾರಿ ವೈದ್ಯರಿಗೆ ಯಾರು ಹೊಡೆದರು, ಯಾವುದರಿಂದ ಹೊಡೆದರು ಎಂದು ಆಕೆಯೇ ಹೇಳಲಿ. ಅವರು ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯದ ದಾಖಲೆ, ಮಾಡುತ್ತಾರೆ, ಮಾಹಿತಿ ಠಾಣೆಗೆ ಅವರಿಂದಲೇ ಹೋಗುತ್ತದೆ. ದೂರು ಕೊಡುವ ಧೈರ್ಯ ಆಕೆಗೆ ಆವತ್ತೇ ಬರದಿದ್ದರೂ ಚಿಂತೆಯಿಲ್ಲ, ಗಾಯದ ಲೆಕ್ಕ ತಾರೀಕಿನ ಸಮೇತ ಆಸ್ಪತ್ರೆಯ ರಿಜಿಸ್ಟರಿನಲ್ಲಿ ಉಳಿದಿರುತ್ತದೆ.